ಮೆಲುದನಿಯ ಬೀಟ್: ಆರು ಆಲ್ಬಮ್‌ಗಳಲ್ಲಿ ನಿಮಗೆ ಯಾವುದು?

ಗೆಳೆಯನೊಬ್ಬನಿಗೆ ಒಮ್ಮೆ ನನ್ನ ಹೆಡ್‌ಫೋನ್ ಕೊಟ್ಟು ಒಂದು ಮಿನಿಮಲ್ ಹೌಸ್ ಆಲ್ಬಮ್ ಕೇಳಿಸಿದೆ. ಹೌಸ್ ಅಂದರೆ ಕ್ಲಬ್‌ಗಳಲ್ಲಿ ಕುಣಿಯಲು ಯಂತ್ರಗಳಿಂದ ಕಟ್ಟುವ ಸಂಗೀತ, ಮಿನಿಮಲ್ ಅಂದರೆ ಅದರಲ್ಲೂ ತೀರಾ ಕಡಿಮೆ ಸದ್ದಿನದ್ದು. ನಾಲ್ಕು ನಿಮಿಷ ಸುಮ್ಮನೆ ಕೂತಿದ್ದ. ಆಮೇಲೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, "ಹಾಡು ಯಾವಾಗ ಶುರುವಾಗುತ್ತೆ?" ಅಂತ ಕೇಳಿದ.

ಅವನು ತಮಾಷೆ ಮಾಡುತ್ತಿರಲಿಲ್ಲ. ಪಲ್ಲವಿ ಬರುತ್ತೆ, ಚರಣ ಬರುತ್ತೆ ಅಂತ ಕಾಯುವುದು ನಮ್ಮ ಕಿವಿಗೆ ರೂಢಿ. ಇಲ್ಲಿ ಅವೆರಡೂ ಇಲ್ಲ. ನಿಮಿಷಕ್ಕೆ 120ರ ಆಸುಪಾಸಿನಲ್ಲಿ ಒಂದೇ ಸಮ ಬಡಿಯುವ ಕಿಕ್ (ಡ್ರಮ್ಮಿನ ದಪ್ಪ ಪೆಟ್ಟು), ಅದರ ಸುತ್ತ ಮೂರು ನಾಲ್ಕು ಪುಟ್ಟ ಸದ್ದು, ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಬದಲಾವಣೆ. ಅಷ್ಟೇ. ಆದರೆ ಆವತ್ತು ಎಡವಿದ್ದು ನಾನು. ಅವನಿಗೆ ಹೊಂದದ ಆಲ್ಬಮ್‌ನಿಂದ ಶುರು ಮಾಡಿದ್ದೆ.

ಈ ಬಗೆಯ ಆಲ್ಬಮ್‌ಗಳೆಲ್ಲ ದೂರದಿಂದ ಒಂದೇ ಥರ ಕೇಳುತ್ತವೆ. ಹತ್ತಿರ ಹೋದರೆ, ಒಂದೊಂದೂ ದನಿ ತಗ್ಗಿಸಿರುವುದಕ್ಕೆ ಬೇರೆ ಬೇರೆ ಕಾರಣ ಇದೆ ಅಂತ ಗೊತ್ತಾಗುತ್ತದೆ. ಒಂದರಲ್ಲಿ ಸದ್ದುಗಳನ್ನು ತೆಗೆದು ತೆಗೆದು ಜಾಗ ಖಾಲಿ ಮಾಡಿದ್ದಾರೆ. ಇನ್ನೊಂದರಲ್ಲಿ ಎಲ್ಲವೂ ಇದೆ, ಮೇಲೆ ಮಂಜು ಕವಿದಿದೆ. ಮತ್ತೊಂದರಲ್ಲಿ ಹೇಳುವವರಿಗೇ ಕೂಗಿ ಹೇಳುವ ಮನಸ್ಸಿಲ್ಲ. ಆರಿಸುವಾಗ ನಾನು ನೋಡುವುದು ಈ ಕಾರಣವನ್ನೇ. ಇಂಟರ್ನೆಟ್ಟಿನಲ್ಲಿ ಸಿಗುವ "ಟಾಪ್ ಹತ್ತು" ಪಟ್ಟಿಗಳು ಇದನ್ನು ಹೇಳುವುದಿಲ್ಲ.

ಹಿನ್ನೆಲೆ ಬೇಕೆಂದರೆ ಇಷ್ಟು ಸಾಕು. ಡೀಪ್ ಹೌಸ್ ಹುಟ್ಟಿದ್ದು ಶಿಕಾಗೋದಲ್ಲಿ, 1980ರ ದಶಕದ ನಡುವೆ. ಲ್ಯಾರಿ ಹರ್ಡ್ ಎಂಬ ಡ್ರಮ್ಮರ್ ಮಿಸ್ಟರ್ ಫಿಂಗರ್ಸ್ ಹೆಸರಿನಲ್ಲಿ 1986ರಲ್ಲಿ ತಂದ 'ಕ್ಯಾನ್ ಯು ಫೀಲ್ ಇಟ್' ಕೇಳಿ. 'ಡೀಪ್' ಅಂದರೇನು ಅಂತ ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ಕುಣಿತದ ಬೀಟ್, ಅದರ ಮೇಲೆ ಜಾಝ್‌ನವರು ನುಡಿಸುವಂಥ ಮೆತ್ತನೆಯ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ಮಿನಿಮಲ್ ಬಂದಿದ್ದು ಡೆಟ್ರಾಯ್ಟ್ ಕಡೆಯಿಂದ. ರಾಬರ್ಟ್ ಹುಡ್ 1994ರ 'ಮಿನಿಮಲ್ ನೇಷನ್'ನಲ್ಲಿ ಟೆಕ್ನೋದ (ಹೌಸ್‌ನ ದಾಯಾದಿಯಂಥ ಇನ್ನೊಂದು ಯಂತ್ರದ ಕುಣಿತದ ಸಂಗೀತ) ಎಲುಬಷ್ಟೇ ಉಳಿಸಿದರು. ಈ ಎರಡೂ ದಾರಿ ಜರ್ಮನಿಯಲ್ಲಿ ಕೂಡಿ, 2000ದ ಹೊತ್ತಿಗೆ ಒಂದು ಹೊಸ ತಳಿಯೇ ಬಂತು. ಫಿಲಿಪ್ ಶೆರ್ಬರ್ನ್ ಎಂಬ ವಿಮರ್ಶಕರು 2001ರಲ್ಲಿ 'ದಿ ವೈರ್' ಪತ್ರಿಕೆಯಲ್ಲಿ ಅದಕ್ಕೆ ಮೈಕ್ರೋಹೌಸ್ ಅಂತ ಹೆಸರಿಟ್ಟರು. ಇಲ್ಲಿ ಹೋಲಿಸುವ ಆಲ್ಬಮ್‌ಗಳು ಹೆಚ್ಚುಕಮ್ಮಿ ಆ ಕಾಲದವು, ಆ ಸುತ್ತಿನವು.

ಮೊದಲ ಆಲ್ಬಮ್ ಯಾವುದು: ವೋಕಲ್‌ಸಿಟಿಯೋ, ಅಲ್ಕಚೋಫವೋ?

ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇವೆರಡರ ನಡುವೆ. ಯಾರನ್ನು ಕೇಳಿದರೂ ಈ ಎರಡು ಹೆಸರು ಬಂದೇ ಬರುತ್ತವೆ. ಗೆಳೆಯನಿಗೆ ನಾನು ಕೇಳಿಸಿದ್ದು ಅಲ್ಕಚೋಫ. ವೋಕಲ್‌ಸಿಟಿ ಕೇಳಿಸಬೇಕಿತ್ತು.

ವೋಕಲ್‌ಸಿಟಿ 2000ದಲ್ಲಿ ಬಂದಿದ್ದು. ಮಾಡಿದ್ದು ಫಿನ್ಲೆಂಡಿನ ಸಾಸು ರಿಪಾಟಿ. ವ್ಲಾಡಿಸ್ಲಾವ್ ಡಿಲೇ ಹೆಸರಿನಲ್ಲಿ ಅವರು ತುಂಬ ಒರಟಾದ, ಬೀಟೇ ಕರಗಿಹೋದಂಥ ಸಂಗೀತ ಮಾಡುತ್ತಿದ್ದರು. ಹೌಸ್ ಮಾಡಲು ಲುವೊಮೊ ಅಂತ ಬೇರೆ ಹೆಸರು ಇಟ್ಟುಕೊಂಡರು. ಆಲ್ಬಮ್‌ನಲ್ಲಿ ಇರುವುದು ಆರೇ ಟ್ರ್ಯಾಕ್. ಉದ್ದ ಮಾತ್ರ ಒಂದೊಂದೂ ಹತ್ತು ನಿಮಿಷದ ಆಚೀಚೆ, ಕೆಲವು ಇನ್ನೂ ಜಾಸ್ತಿ.

ಇದು ಹೊಸಬರಿಗೆ ಸಲೀಸು ಯಾಕೆಂದರೆ ಇದರಲ್ಲಿ ಮನುಷ್ಯರ ದನಿ ಇದೆ. ಪೂರ್ತಿ ಹಾಡಲ್ಲ. ಒಂದು ಉಸಿರು, ಅರ್ಧಕ್ಕೇ ನಿಂತ ಒಂದು ಸಾಲು, ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಿರುವಾಗ ಕಿವಿಗೆ ಬೀಳುವಂಥ ಚೂರುಗಳು. ಕಿವಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ. 'ಟೆಸಿಯೊ' ಎಂಬ ಟ್ರ್ಯಾಕ್ ಇಡೀ ಆಲ್ಬಮ್‌ನಲ್ಲೇ ಹಾಡಿಗೆ ತುಂಬ ಹತ್ತಿರ. ಅದರಿಂದಲೇ ಶುರು ಮಾಡಿ. ಹಿಡಿಸಿದರೆ ಮೊದಲ ಟ್ರ್ಯಾಕ್ 'ಮಾರ್ಕೆಟ್'ಗೆ ಬನ್ನಿ. ಅಲ್ಲಿ ಬೀಟ್ ಒಂದು ಹದಕ್ಕೆ ಬರುವುದಕ್ಕೇ ಸಾಕಷ್ಟು ಹೊತ್ತು ಬೇಕು. ಮೊದಲೇ ಅಲ್ಲಿಗೆ ಹೋದರೆ ಎದ್ದು ಬರುತ್ತೀರಿ.

ಇದೇ ಲುವೊಮೊ 2003ರಲ್ಲಿ 'ದಿ ಪ್ರೆಸೆಂಟ್ ಲವರ್' ಅಂತ ಇನ್ನೊಂದು ತಂದರು. ಅದು ಪಾಪ್ ಕಡೆಗೆ ವಾಲಿದೆ, ಹೊಳಪು ಜಾಸ್ತಿ. ಪಾರ್ಟಿಗೆ ಅದು ಸರಿ. ಮನೆಯಲ್ಲಿ ಒಬ್ಬರೇ ಕೂತು ಕೇಳಲು ನನಗಂತೂ ಹಳೆಯದೇ ಬೇಕು.

ಈಗ ಅಲ್ಕಚೋಫ. 2003, ರಿಕಾರ್ಡೊ ವಿಯಾಲೊಬೊಸ್. ಇವರು ಹುಟ್ಟಿದ್ದು ಚಿಲಿಯ ಸಾಂಟಿಯಾಗೋದಲ್ಲಿ, 1970ರಲ್ಲಿ. 1973ರಲ್ಲಿ ಪಿನೊಚೆಟ್ ಸೇನೆಯ ಬಲದಿಂದ ಅಧಿಕಾರ ಹಿಡಿದ ಮೇಲೆ ಮನೆಯವರು ಜರ್ಮನಿಗೆ ಬಂದರು. ಚಿಕ್ಕಂದಿನಿಂದಲೇ ಕೈ ತಾಳವಾದ್ಯಗಳ ಮೇಲೆ ಆಡಿದೆ. ಆಲ್ಬಮ್ ಕೇಳುವಾಗ ಅದು ಗೊತ್ತಾಗುತ್ತದೆ. ಕಿಕ್ ನೆಟ್ಟಗೆ ನಡೆಯುತ್ತಿರುತ್ತದೆ, ಅದರ ಸುತ್ತಲಿನ ಟಿಕ್ ಟಿಕ್, ಚಟಪಟಗಳು ಮಾತ್ರ ಯಾವಾಗಲೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತಿರುತ್ತವೆ. ಎರಡು ಸಲ ಒಂದೇ ಥರ ಬರುವುದಿಲ್ಲ.

ಸ್ಪ್ಯಾನಿಷ್‌ನಲ್ಲಿ ಅಲ್ಕಚೋಫ ಅಂದರೆ ಆರ್ಟಿಚೋಕ್, ಎಸಳು ಎಸಳಾಗಿ ಬಿಡಿಸಿ ತಿನ್ನುವ ತರಕಾರಿ. ನಮ್ಮಲ್ಲಿ ಬಾಳೆಮೂತಿ ಬಿಡಿಸಿದ ಹಾಗೆ ಅನ್ನಿ. ಹೆಸರು ಸರಿಯಾಗೇ ಇದೆ. ಮೊದಲ ಸಲ ಕೇಳಿದಾಗ ಕೈಗೆ ಬರೀ ಸಿಪ್ಪೆ ಬಂತು ಅನ್ನಿಸುತ್ತದೆ. ಮೂರನೇ ಸಲಕ್ಕೆ ಒಳಗಿನದ್ದು ಕಾಣತೊಡಗುತ್ತದೆ. ಮೊದಲ ಟ್ರ್ಯಾಕ್ 'ಈಸಿ ಲೀ'ಯಲ್ಲಿ ದನಿ ಇದೆ ನಿಜ, ಆದರೆ ಯಂತ್ರದ ಮೂಲಕ ಹಾಯಿಸಿ ಮನುಷ್ಯರದ್ದೋ ಅಲ್ಲವೋ ಅನ್ನುವಂತೆ ಮಾಡಿದ್ದಾರೆ. ಗೆಳೆಯ ಬಿದ್ದಿದ್ದು ಇಲ್ಲೇ. ಅದರ ಬದಲು 'ಡೆಕ್ಸ್‌ಟರ್' ಎಂಬ ಟ್ರ್ಯಾಕ್ ಹಾಕಿದ್ದರೆ ಬಹುಶಃ ಉಳಿಯುತ್ತಿದ್ದ. ಅದರಲ್ಲಿ ಮೇಲೆ ತೇಲುವ ಒಂದು ದುಗುಡದ ಸಿಂಥ್ (ಸಿಂಥಸೈಜರ್ ವಾದ್ಯದ ಸದ್ದು) ಇದೆ. ತಾಳದ ಲೆಕ್ಕ ಅರ್ಥವಾಗದಿದ್ದರೂ ಅದು ಒಳಗೆ ಇಳಿಯುತ್ತದೆ.

ಹಾಗಾದರೆ ಆರಿಸುವುದು ಹೇಗೆ? ನೀವು ಮುಖ್ಯವಾಗಿ ದನಿಗೆ, ಭಾವಕ್ಕೆ ಕಿವಿ ಕೊಡುವವರಾದರೆ ವೋಕಲ್‌ಸಿಟಿ. ಕಛೇರಿಯಲ್ಲಿ ಎಲ್ಲರೂ ಕಾಫಿಗೆ ಏಳುವ ಹೊತ್ತಿನಲ್ಲಿ ತನಿ ಆವರ್ತನ ಕೇಳಲು ಕೂತಿರುವವರಾದರೆ ಅಲ್ಕಚೋಫ. ಹಿನ್ನೆಲೆಗೆ ಸುಮ್ನೆ ಹಾಕಿಟ್ಟು ಕೆಲಸ ಮಾಡುತ್ತೀರಿ ಅಂದರೆ ಎರಡೂ ಬೇಡ. ವೋಕಲ್‌ಸಿಟಿಯ ಅರ್ಧ ಮಾತುಗಳು ಗಮನ ಎಳೆಯುತ್ತವೆ, ಅಲ್ಕಚೋಫವನ್ನು ಗಮನ ಕೊಡದೆ ಕೇಳಿದರೆ ಕೆಟ್ಟ ಫ್ಯಾನ್ ತಿರುಗಿದ ಹಾಗಿರುತ್ತದೆ.

ಮಿಡ್‌ಟೌನ್ 120 ಬ್ಲೂಸ್

ಇದನ್ನು ಯಾವುದರ ಜೊತೆಗೂ ಜೋಡಿ ಮಾಡಲು ನನಗೆ ಮನಸ್ಸಿಲ್ಲ.

ಡಿಜೆ ಸ್ಪ್ರಿಂಕಲ್ಸ್ ಅಂದರೆ ಟೆರೆ ಥೇಮ್ಲಿಟ್ಸ್. ಅಮೆರಿಕದ ಮಿಸ್ಸೂರಿಯಿಂದ 1980ರ ದಶಕದಲ್ಲಿ ನ್ಯೂಯಾರ್ಕಿಗೆ ಬಂದವರು, ಈಗ ಇರುವುದು ಜಪಾನಿನಲ್ಲಿ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಮಿಡ್‌ಟೌನ್‌ನಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದವರು ಸೇರುತ್ತಿದ್ದ ಸ್ಯಾಲೀಸ್ 2 ಎಂಬ ಕ್ಲಬ್‌ನಲ್ಲಿ ಡಿಜೆ ಆಗಿದ್ದರು. ಆ ಕ್ಲಬ್ ಈಗಿಲ್ಲ. ಅಲ್ಲಿಗೆ ಬರುತ್ತಿದ್ದ ಎಷ್ಟೋ ಜನರೂ ಇಲ್ಲ. 2008ರಲ್ಲಿ ಜಪಾನಿನ ಮ್ಯೂಲ್ ಮ್ಯೂಸಿಕ್ ಎಂಬ ಲೇಬಲ್‌ನಿಂದ (ರೆಕಾರ್ಡ್ ಕಂಪನಿ) ಬಂದ ಈ ಆಲ್ಬಮ್ ಆ ಜಾಗದ ನೆನಪು. ಶೀರ್ಷಿಕೆಯ 120 ಅಂದರೆ ನಿಮಿಷಕ್ಕೆ 120 ಬೀಟ್.

ಆಲ್ಬಮ್ ಶುರುವಾಗುವುದೇ ಮಾತಿನಿಂದ. ಹೌಸ್ ಸಂಗೀತ ಎಲ್ಲರದ್ದು, ಎಲ್ಲರನ್ನೂ ಒಂದು ಮಾಡುತ್ತದೆ ಎಂಬ ಜಾಹೀರಾತಿನ ಮಾತನ್ನು ಥೇಮ್ಲಿಟ್ಸ್ ಅಲ್ಲೇ ತಳ್ಳಿಹಾಕುತ್ತಾರೆ. ಅದು ಇಂಥ ಬೀದಿಯ, ಇಂಥ ಜನರ, ಇಂಥ ಕಷ್ಟಗಳ ಸಂಗೀತ ಎಂಬುದು ಅವರ ವಾದ. ಮುಂದೊಂದು ಟ್ರ್ಯಾಕ್ ಪಾಪ್ ಗಾಯಕಿ ಮಡೋನ್ನಾ ಮೇಲಿನ ಸಿಟ್ಟು. ಬಡ ಕಪ್ಪು ಮತ್ತು ಲ್ಯಾಟಿನೊ ಕ್ವಿಯರ್ (ಸಲಿಂಗಿ, ಟ್ರಾನ್ಸ್‌ಜೆಂಡರ್) ಜನರ ವೋಗ್ ಕುಣಿತ 1990ರಲ್ಲಿ ಅವರ ಒಂದು ಪಾಪ್ ಹಿಟ್ ಆಯ್ತು, ಕುಣಿದವರು ಇದ್ದಲ್ಲೇ ಉಳಿದರು ಎಂಬ ಸಿಟ್ಟು.

ಇಷ್ಟು ಸಿಟ್ಟಿದ್ದೂ ಆಲ್ಬಮ್ ಒಂದು ಕಡೆಯೂ ಜೋರಾಗುವುದಿಲ್ಲ. ಪಿಯಾನೋದ ನಾಲ್ಕು ಸ್ವರ, ದೂರದಲ್ಲಿ ಮಳೆ ಬಂದ ಹಾಗಿನ ಸದ್ದು, ಸೊಂಟದ ಹತ್ತಿರ ಎಲ್ಲೋ ಮೆತ್ತಗೆ ಬಡಿಯುವ ಬೇಸ್ (ತಗ್ಗಿನ ಶ್ರುತಿಯ ಸದ್ದು). 'ಗ್ರ್ಯಾಂಡ್ ಸೆಂಟ್ರಲ್' ಅಂತ ಎರಡು ಭಾಗದ ಒಂದು ಟ್ರ್ಯಾಕ್ ಇದೆ. ಎರಡನೇ ಭಾಗದ ಹೆಸರಿನಲ್ಲೇ ಮಿಸ್ಸೂರಿಯಿಂದ ರೈಲಿನಲ್ಲಿ 72 ಗಂಟೆ ಅಂತ ಇದೆ. ಹಳ್ಳಿಗಾಡಿನಿಂದ ಊರು ಬಿಟ್ಟು ದೊಡ್ಡ ನಗರದ ಸ್ಟೇಷನ್ನಿನಲ್ಲಿ ಇಳಿದವರ ಕಥೆ. ಬೆಳಗಿನ ಜಾವ ಬ್ಯಾಗು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದ ಯಾರಿಗಾದರೂ ಅದು ಹೊಸದಲ್ಲ.

ಯಾರಿಗೆ ಇದು? ಸಂಗೀತದ ಹಿಂದಿನ ಬದುಕು ತಿಳಿಯಬೇಕು ಅನ್ನುವವರಿಗೆ. ಬರೀ ತಂಪಾದ ಮೂಡ್ ಬೇಕು ಅನ್ನುವವರಿಗೆ ಈ ಮಾತಿನ ತುಣುಕುಗಳು ಅಡ್ಡ ಬರುತ್ತವೆ. ಮೊದಲ ಎರಡು ಕೇಳುವಿಕೆ ಪೂರ್ತಿ ಗಮನ ಕೊಟ್ಟು, ಒಬ್ಬರೇ, ರಾತ್ರಿ. ಆಮೇಲೆ ಹೇಗಾದರೂ ಕೇಳಿ. ಈ ಆರರಲ್ಲಿ ಒಂದನ್ನು ಮಾತ್ರ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಮೊದಲ ಆಲ್ಬಮ್ ಆಗಿ ಯಾರಿಗೂ ಕೊಡುವುದಿಲ್ಲ.

ಮಂಜು, ಕಾಡು, ಗೀರು

ಉಳಿದ ಮೂರು ಕುಣಿತದಿಂದ ದೂರ ಸರಿದವು. ಓದುವಾಗ, ಬರೆಯುವಾಗ, ಕೋಡ್ ಮಾಡುವಾಗ ಹಾಕಿಕೊಳ್ಳಲು ನಾನು ತಡಕುವುದು ಇವನ್ನೇ.

ಯಾನ್ ಯೆಲಿನೆಕ್ ಅವರ 'ಲೂಪ್-ಫೈಂಡಿಂಗ್-ಜಾಝ್-ರೆಕಾರ್ಡ್ಸ್' (2001) ಹೆಸರೇ ಹೇಳುವಂತೆ ಹಳೆಯ ಜಾಝ್ ರೆಕಾರ್ಡ್‌ಗಳಿಂದ ಹೆಕ್ಕಿದ ತುಣುಕುಗಳಿಂದ ಕಟ್ಟಿದ್ದು. ಆದರೆ ತುಣುಕುಗಳು ಎಷ್ಟು ಚಿಕ್ಕವು ಎಂದರೆ ಜಾಝ್ ಕೇಳಿಸುವುದೇ ಇಲ್ಲ, ಅದರ ಬಿಸಿ ಮಾತ್ರ ಉಳಿದಿದೆ. ಎರಡು ಟ್ರ್ಯಾಕ್‌ಗಳ ಹೆಸರು 'ಮುವಾರೆ'. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಂದಾಗ, ಎರಡರಲ್ಲೂ ಇಲ್ಲದ ಒಂದು ಅಲೆ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ ಆ ಹೆಸರು. ಇಲ್ಲಿ ಲೂಪ್‌ಗಳಿಂದ, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕುಗಳಿಂದ, ಅದನ್ನೇ ಮಾಡಿದ್ದಾರೆ. ಆಲ್ಬಮ್ ಬಂದಿದ್ದು ಬರ್ಲಿನ್ನಿನ ಸ್ಕೇಪ್ ಲೇಬಲ್‌ನಿಂದ. ಆ ಲೇಬಲ್ ಶುರು ಮಾಡಿದವರಲ್ಲಿ ಒಬ್ಬರಾದ ಸ್ಟೆಫಾನ್ ಬೆಟ್ಕೆಯವರ ಕಥೆ ಇನ್ನೂ ಚೆನ್ನಾಗಿದೆ. ಅವರ ಹತ್ತಿರ ಇದ್ದ ವಾಲ್ಡೋರ್ಫ್ 4-ಪೋಲ್ ಎಂಬ ಫಿಲ್ಟರ್ (ಸದ್ದನ್ನು ಸೋಸುವ ಯಂತ್ರ) ಕೆಳಗೆ ಬಿದ್ದು ಕೆಟ್ಟುಹೋಯಿತು. ಆಮೇಲೆ ಅದು ಚಟಪಟ ಅಂತ ಸದ್ದು ಮಾಡತೊಡಗಿತು. ಬೆಟ್ಕೆ ರಿಪೇರಿಗೆ ಕೊಡಲಿಲ್ಲ. ಆ ಚಟಪಟವನ್ನೇ ತಾಳವಾಗಿ ಬಳಸಿ, ಪೋಲ್ ಅಂತ ಹೆಸರಿಟ್ಟುಕೊಂಡು, ಮೂರು ಆಲ್ಬಮ್ ಮಾಡಿದರು.

ಗ್ಯಾಸ್ ಎಂಬ ಹೆಸರಿನಲ್ಲಿ ವೋಲ್ಫ್‌ಗಾಂಗ್ ಫೋಗ್ಟ್ ಮಾಡಿದ 'ಪಾಪ್' (2000) ಪಾಪ್ ಅಲ್ಲವೇ ಅಲ್ಲ. ಕಲೋನ್ ನಗರದ ಪಕ್ಕದಲ್ಲಿ ಕೊನಿಗ್ಸ್‌ಫೋರ್ಸ್ಟ್ ಅಂತ ಒಂದು ಕಾಡಿದೆ. ಫೋಗ್ಟ್ ಹರೆಯದಲ್ಲಿ ಅಲ್ಲಿ ಅಲೆದವರು. ಗ್ಯಾಸ್‌ನ ಎಲ್ಲ ಆಲ್ಬಮ್‌ಗಳ ಹಿಂದೆಯೂ ಆ ಕಾಡೇ ಇದೆ. ಟ್ರ್ಯಾಕ್‌ಗಳಿಗೆ ಹೆಸರಿಲ್ಲ, ನಂಬರ್ ಅಷ್ಟೇ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತುಣುಕುಗಳನ್ನು ಗುರುತು ಸಿಗದಷ್ಟು ಹಿಗ್ಗಿಸಿ, ಒಂದರ ಮೇಲೊಂದು ಹೊದಿಸಿದ್ದಾರೆ. ಕೆಲವು ಟ್ರ್ಯಾಕ್‌ಗಳಲ್ಲಿ ಬೀಟೇ ಇಲ್ಲ. ತಂಬೂರಿಯ ಶ್ರುತಿಯನ್ನೇ ಕೇಳುತ್ತಾ ಕೂರಬಲ್ಲವರಿಗೆ ಇದು ಮೊದಲ ನಿಮಿಷದಲ್ಲೇ ಒಗ್ಗುತ್ತದೆ.

ತಮಾಷೆ ಎಂದರೆ ಪಾಪ್, ವೋಕಲ್‌ಸಿಟಿ ಎರಡೂ ಒಂದೇ ವರ್ಷದಲ್ಲಿ, ಫ್ರಾಂಕ್‌ಫರ್ಟಿನ ಒಂದೇ ಬಳಗದ ಎರಡು ಲೇಬಲ್‌ಗಳಿಂದ ಬಂದವು. ಅಕ್ಕಪಕ್ಕ ಇಟ್ಟು ಕೇಳಿದರೆ ಒಂದೇ ಬೀದಿಯವು ಅಂತ ಯಾರೂ ಹೇಳುವುದಿಲ್ಲ.

ಮೂರನೆಯದು ಎಕೋಸ್ಪೇಸ್‌ನ 'ದಿ ಕೋಲ್ಡೆಸ್ಟ್ ಸೀಸನ್' (2007). ರಾಡ್ ಮೊಡೆಲ್, ಸ್ಟೀವನ್ ಹಿಚೆಲ್ ಇಬ್ಬರು ಅಮೆರಿಕನ್ನರ ಕೆಲಸ. ಬರ್ಲಿನ್ನಿನ ಬೇಸಿಕ್ ಚಾನೆಲ್ ಜೋಡಿ 1993ರಿಂದ ಬೆಳೆಸಿದ ಡಬ್ ಟೆಕ್ನೋ ದಾರಿಯಲ್ಲೇ ನಡೆದಿದ್ದಾರೆ. ಒಂದು ಕಾರ್ಡ್ ಬಡಿದು, ಅದರ ಪ್ರತಿಧ್ವನಿ ಕರಗುವುದನ್ನು ನೋಡುತ್ತಾ ಕೂರುವುದು. ಒಂದು ಟ್ರ್ಯಾಕಿಗೆ ಮಿಶಿಗನ್ ರಾಜ್ಯದ ಉತ್ತರದ ತುದಿಯ ಸೆನಿ ಎಂಬ ಊರಿನ ಚಳಿಗಾಲದ ಹೆಸರಿದೆ. ಹಿಮ ಕಂಡರಿಯದ ನನಗೂ ಕೇಳಿದಾಗ ಮೈ ತಣ್ಣಗಾಗುತ್ತದೆ. ಮಡಿಕೇರಿಯ ಆಷಾಢದ ಮಳೆಗೂ ಇದು ಒಪ್ಪುತ್ತದೆ, ಪ್ರಯತ್ನಿಸಿ ನೋಡಿದ್ದೇನೆ.

ಈ ಮೂರರಲ್ಲಿ ಆಯ್ಕೆ ಸುಲಭ. ಬೆಚ್ಚಗಿರಬೇಕಾದರೆ ಯೆಲಿನೆಕ್. ಬೀಟ್ ಬೇಡವಾದರೆ ಗ್ಯಾಸ್. ಬೀಟ್ ಬೇಕು, ಆದರೆ ಗೋಡೆಯ ಆಚೆಯಿಂದ ಬರಲಿ ಅಂದರೆ ಎಕೋಸ್ಪೇಸ್. ನಿದ್ದೆಗೆ ಹಾಕಿಕೊಳ್ಳುವುದಾದರೆ ಗ್ಯಾಸ್ ಬೇಡ, ಕೆಲವು ಕಡೆ ಅದು ಹೆದರಿಸುತ್ತದೆ.

ಯಾವುದರಲ್ಲಿ ಕೇಳುವುದು

ಆಲ್ಬಮ್ ಆರಿಸುವುದಕ್ಕಿಂತ ಜಾಸ್ತಿ ಎಡವಟ್ಟಾಗುವುದು ಇಲ್ಲಿ. ಮಸಾಲೆ ಜಾಸ್ತಿ ಇರುವ ಸಂಗೀತವಾದರೆ ಯಾವ ಡಬ್ಬಿಯಲ್ಲಿ ಕೇಳಿದರೂ ಏನೋ ಒಂದು ದಕ್ಕುತ್ತದೆ. ಇಲ್ಲಿ ಇರುವುದೇ ನಾಲ್ಕು ಸದ್ದು. ಅದರಲ್ಲಿ ಎರಡು ಕೇಳದಿದ್ದರೆ ಏನು ಉಳಿಯಿತು?

ಹೌಸ್ ಕಿಕ್‌ನ ತಿರುಳು ಇರುವುದು ಸುಮಾರು 50-60 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಅಷ್ಟು ಕಂಪನ), ಅಂದರೆ ತೀರಾ ತಗ್ಗಿನ ಶ್ರುತಿಯಲ್ಲಿ. ಫೋನಿನ ಪುಟ್ಟ ಸ್ಪೀಕರ್ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಹೊರಗೆ ಬಿಡುವುದೇ ಬಹಳ ಕಡಿಮೆ. ಅಂದರೆ ಫೋನಿನಲ್ಲಿ ನೇರವಾಗಿ ಅಲ್ಕಚೋಫ ಹಾಕಿದರೆ ಕೇಳುವುದು ಟಿಕ್ ಟಿಕ್ ಮಾತ್ರ. ಲ್ಯಾಪ್‌ಟಾಪ್ ಸ್ಪೀಕರ್‌ನ ಕಥೆಯೂ ಹೆಚ್ಚುಕಮ್ಮಿ ಅದೇ.

ಇನ್ನೊಂದು ವಿಷಯ. ವಾಲ್ಯೂಮ್ ಕಡಿಮೆ ಮಾಡಿದರೆ ನಮ್ಮ ಕಿವಿಗೆ ಬೇಸ್ ಉಳಿದದ್ದಕ್ಕಿಂತ ಬೇಗ ಮಾಯವಾಗುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಮೆಲುದನಿಯ ಆಲ್ಬಮ್ ಅಂತ ತೀರಾ ಮೆಲ್ಲಗೆ ಹಾಕಿದರೆ ತಳವೇ ಬಿದ್ದುಹೋಗುತ್ತದೆ. ಮಾತಾಡುವ ದನಿಯ ಮಟ್ಟಕ್ಕೆ ಏರಿಸಿ. ಅಷ್ಟು ಸಾಕು, ಕಿವಿಗೂ ಒಳ್ಳೆಯದು.

ಸ್ಪೀಕರೋ ಹೆಡ್‌ಫೋನೋ? ಸ್ವಂತ ಮನೆ, ದಪ್ಪ ಗೋಡೆ ಇದ್ದರೆ ಸ್ಪೀಕರ್. ಬೇಸ್ ಎನ್ನುವುದು ಕಿವಿಗಿಂತ ಎದೆಗೆ, ಕುರ್ಚಿಗೆ ತಾಗಬೇಕಾದ್ದು. ಆದರೆ ಬಾಡಿಗೆ ಮನೆಯಲ್ಲಿ ಇರುವವರು ಸ್ವಲ್ಪ ಯೋಚಿಸಿ. ನಾನು ಒಂದು ಮನೆಯ ಮಹಡಿಯಲ್ಲಿದ್ದಾಗ ರಾತ್ರಿ ಹತ್ತಕ್ಕೆ ತುಂಬ ಸಣ್ಣಗೆ ಮಿಡ್‌ಟೌನ್ ಹಾಕಿದ್ದೆ. ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಬೆಳಿಗ್ಗೆ ಕೆಳಗಿನ ಮನೆ ಓನರ್ ಆಂಟಿ ಕೇಳಿದರು: "ರಾತ್ರಿ ಹೊತ್ತು ಏನಪ್ಪಾ ಕುಟ್ತೀಯ ಮೇಲೆ? ಅವಲಕ್ಕಿನಾ?" ಕೆಳಗಿನ ಶ್ರುತಿಯ ಸದ್ದನ್ನು ಮಾಮೂಲಿ ಗೋಡೆ, ನೆಲ ಅಷ್ಟಾಗಿ ತಡೆಯುವುದಿಲ್ಲ. ಪಿಯಾನೋ ಮೇಲೇ ಉಳಿಯಿತು, ಬರೀ ಕಿಕ್ ಕೆಳಗೆ ಇಳಿದುಹೋಯಿತು. ಫೋನ್ ಸ್ಪೀಕರ್‌ನಲ್ಲಿ ಕೇಳುವವರಿಗೆ ಯಾವ ಅರ್ಧ ಕೇಳುವುದಿಲ್ಲವೋ, ಆಂಟಿಗೆ ಕೇಳಿಸಿದ್ದು ಆ ಅರ್ಧ ಮಾತ್ರ.

ಆಮೇಲೆ ನಾನು ಹೆಡ್‌ಫೋನಿಗೆ ಬಂದೆ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಾದರೆ ಬೇಸ್ ಚೆನ್ನಾಗಿ ಸಿಗುತ್ತದೆ. ಕಿವಿಯೊಳಗೆ ಇಡುವ ಇಯರ್‌ಫೋನ್ ಕೂಡ ಸಾಕು, ಆದರೆ ರಬ್ಬರ್ ಟಿಪ್ ಸರಿಯಾದ ಅಳತೆಯದ್ದಿರಲಿ. ಟಿಪ್ ಸಡಿಲವಾಗಿದ್ದರೆ ಬೇಸ್ ಎಲ್ಲ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಮೂರು ಅಳತೆ ಕೊಟ್ಟಿರುತ್ತಾರೆ, ಬಹಳ ಜನ ಹಾಕಿಕೊಟ್ಟದ್ದನ್ನೇ ಬಳಸುತ್ತಾರೆ. ದುಬಾರಿಯದ್ದು ಕೊಳ್ಳುವ ಮೊದಲು ಟಿಪ್ ಬದಲಿಸಿ ನೋಡಿ. ಇನ್ನು 'ಬೇಸ್ ಬೂಸ್ಟ್' ಗುಂಡಿ. ಬೇಡ. ಅಲ್ಕಚೋಫದಲ್ಲಿ ಕಷ್ಟಪಟ್ಟು ಖಾಲಿ ಬಿಟ್ಟ ಜಾಗವನ್ನೆಲ್ಲ ಅದು ಗುಂಯ್ ಅಂತ ತುಂಬಿಬಿಡುತ್ತದೆ.

ಬಸ್ಸು, ಮೆಟ್ರೋದಲ್ಲಿ ಕೇಳುವುದಾದರೆ ಆರರಲ್ಲಿ ವೋಕಲ್‌ಸಿಟಿ ಒಂದೇ ತಡೆದುಕೊಳ್ಳುವುದು. ಎಂಜಿನ್ನಿನ ಗುಡುಗುಡು ಇರುವುದೂ ಬೇಸ್ ಇರುವ ಜಾಗದಲ್ಲೇ. ಗ್ಯಾಸ್ ಅಂತೂ ಎಂಜಿನ್ನಿನ ಜೊತೆ ಬೆರೆತು, ಯಾವುದು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಒಮ್ಮೆ ಹಾಸನದ ಹತ್ತಿರ ಆಲ್ಬಮ್ ಮುಗಿದು ಹತ್ತು ನಿಮಿಷ ಆದ ಮೇಲೂ ನಾನು ಬಸ್ಸನ್ನೇ ಕೇಳುತ್ತಾ ಕೂತಿದ್ದೆ.

ಆ್ಯಪ್‌ನಲ್ಲಿ ಕೇಳುವವರು ಮೊದಲು ಶಫಲ್ ಆಫ್ ಮಾಡಿ. ಕ್ರಾಸ್‌ಫೇಡ್ (ಒಂದು ಟ್ರ್ಯಾಕಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವುದು) ಇದ್ದರೆ ಅದನ್ನೂ ಆಫ್ ಮಾಡಿ. ಕೋಲ್ಡೆಸ್ಟ್ ಸೀಸನ್‌ನಂಥ ಆಲ್ಬಮ್‌ನಲ್ಲಿ ಒಂದು ಟ್ರ್ಯಾಕಿನ ಬಾಲ ಇನ್ನೊಂದರ ತಲೆಗೆ ಹೇಗೆ ತಾಗಬೇಕು ಅಂತ ಮಾಡಿದವರೇ ನಿರ್ಧರಿಸಿದ್ದಾರೆ, ಆ್ಯಪ್ ಅದನ್ನು ಮತ್ತೆ ಬೆರೆಸುವುದು ಬೇಡ.

ಮಿಡ್‌ಟೌನ್ 120 ಬ್ಲೂಸ್ ಮಾತ್ರ ಆ್ಯಪ್‌ಗಳಲ್ಲಿ ಹುಡುಕಬೇಡಿ. ಥೇಮ್ಲಿಟ್ಸ್ ತಮ್ಮ ಸಂಗೀತವನ್ನು ಸ್ಟ್ರೀಮಿಂಗ್‌ಗೆ ಕೊಡುವುದಿಲ್ಲ, ಯಾರೂ ಆನ್‌ಲೈನ್‌ನಲ್ಲಿ ಹಾಕಬೇಡಿ ಅಂತಲೂ ಕೇಳಿಕೊಂಡಿದ್ದಾರೆ. ಒಂದು ಸಣ್ಣ ಸಮುದಾಯದ ಒಳಗಿನ ಮಾತು ಸಂದರ್ಭ ಗೊತ್ತಿಲ್ಲದವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದು ಅವರ ಚಿಂತೆ. ಆಲ್ಬಮ್‌ನೊಳಗೆ ಹೇಳುವುದೂ ಅದನ್ನೇ ತಾನೇ? ಹಾಗಾಗಿ ಇದನ್ನು ಸಿಡಿಯಾಗಿ ಕೊಳ್ಳಬೇಕು. ಅವರದ್ದೇ ಲೇಬಲ್ ಕೊಮಟಾನ್ಸ್ ಕಡೆ ವಿಚಾರಿಸಿ, ಇಲ್ಲವೇ ಸೆಕೆಂಡ್ ಹ್ಯಾಂಡ್ ನೋಡಿ. ಸಾಗಣೆ, ಕಸ್ಟಮ್ಸ್ ಸೇರಿ ಕೈ ಕಚ್ಚುತ್ತದೆ. ಸಿಡಿ ಪ್ಲೇಯರ್ ಎಲ್ಲಿಂದ ತರಲಿ ಅಂತ ಚಿಂತೆ ಬೇಡ. ಅಟ್ಟದ ಮೇಲೆ ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಇಳಿಸಿ, ಧೂಳು ಒರೆಸಿ. ಅದರಲ್ಲಿ ಸಿಡಿ ಓಡುತ್ತದೆ. ನನ್ನದು ಟಿವಿ ಇಲ್ಲದೆಯೇ ನಡೆಯುತ್ತಿದೆ, ರಿಮೋಟ್ ಮಾತ್ರ ಇನ್ನೂ ಸಿಕ್ಕಿಲ್ಲ.